ಅಡ್ಡ ಕೊಯ್ದರ ಉದ್ದ

ಶಿವೋಲಿಯ ಎರ್ಮೆಲಿಂದಾ ಬಾಯಿ
ಮೇಜಿನ ಮ್ಯಾಲ ತಂದಿಟ್ಟಾಗ
ಕಾಮಣಿ ಹತ್ತಿದ ಕಲ್ಲಂಗಡಿ ಅಂದ್ಕೊಂಡೆ ನಾ.
ಹಳದಿ, ನುಣ್ಣಗ, ಮೈತುಂಬ ಗಟ್ಟಿ.
"ದುದಿ" ಅಂದ್ರು ಬಾಯಿ.
ಪುಣೇದಾಗ ನಾಲ್ಕು ವರ್ಷ ದುಡದಾಕಿ ನಾ,
ಅಲ್ಲಿ ದೂಧಿ ಅಂದ್ರ ಸೋರೆಕಾಯಿ,
ಇಲ್ಲಿ ದುದಿ ಅಂದ್ರ ಕುಂಬಳಕಾಯಿ.
ಘಟ್ಟ ಇಳದ್ರ ಕಾಯಿಪಲ್ಲೆನೂ ಹೆಸರು ಬದಲಿಸ್ತಾವ,
ನಾ ಒಬ್ಬಾಕೇ ಅಲ್ಲ.
ರೋಣದಾಗ ಶಾವಂತ್ರೆವ್ವ, ಇಲ್ಲಿ ಸಾವಿ.

ಇಡೀ ಕುಂಬಳಕ್ಕ ಹೆಣ್ಣುಮಕ್ಕಳು
ಮೊದಲ ಏಟು ಹಾಕಬಾರದು.
ನಮ್ಮವ್ವ ಹೇಳಿದ್ದು.
ಬಾಯಿ ಗಂಡ ಮಣ್ಣಾಗಿ ಹನ್ನೊಂದು ವರ್ಷ,
ನನ್ನ ಗಂಡ ಲೋಂಡಾದಾಚೆ ಎಲ್ಲೋ ಲಾರಿ ಮ್ಯಾಲ.
ಪೊದೇರ ಬರೋತನಕ ಕಾದೆ.
ಪೋಂ ಪೋಂ ಅಂತ ಸೈಕಲ್ ನಿಲ್ಲಿಸಿ
ಪಾವಿನ ಬುಟ್ಟಿ ಇಳಿಸಿ
ಉದ್ದಕ್ಕ ಸೀಳಿಕೊಟ್ಟು ಹೋದ ಇನಾಸ್.
"ಹುಚ್ಚಿ" ಅಂದು ನಕ್ಕರು ಬಾಯಿ.
ಆದ್ರ ಅವರೂ ಚಾಕು ಮುಟ್ಟಿರಲಿಲ್ಲ,
ನೋಡೀನಿ.

ಓವನ್ನಿನ್ಯಾಗ ತಾಸು ಬೆಂದ ಮ್ಯಾಲ
ಮುಳ್ಳುಚಮಚದ್ಲೆ ಕೆರೆದ್ರ,
ಎವ್ವಾ,
ಶಾವಿಗಿ!
ಯಾರು ಕುಂತಿದ್ರು ಇದರೊಳಗ
ಶಾವಿಗಿ ಮಣಿ ಹಾಕ್ಕೊಂಡು?
ಯಾರು ನಾದಿದ್ರು, ಯಾರು ಹೊಸದ್ರು,
ಯಾರ ಅತ್ತಿ "ಸಣ್ಣಗ, ಇನ್ನೂ ಸಣ್ಣಗ" ಅಂತ ಬೈದ್ಲು?
ಬಿಸಿಲಿಲ್ಲ, ಕೋಲಿಲ್ಲ, ಕಾಗಿ ಹೊಡಿಯೋ ಹುಡುಗರಿಲ್ಲ,
ಕತ್ತಲದಾಗ ಸುಮ್ಮನ ಕುಂತ ಹಸಿ ಶಾವಿಗಿ.

ಖರೇ ಹೇಳಬೇಕಂದ್ರ ಎಲ್ಲಾ ತುಂಡು. ಬೆರಳುದ್ದ ಇಲ್ಲ.
ಬಾಯಿ ಚೀಸು ಉದುರಿಸಿ ತಿಂದ್ರು.
ನಾ ಹಿತ್ತಲದಾಗ ಹಾಲು ಬೆಲ್ಲ ಹಾಕಿ ನೋಡಿದೆ:
ರೂಪ ಶಾವಿಗಿದು, ಗುಣ ಸೌತಿಕಾಯಿದು,
ಹಲ್ಲಿಗೆ ಕಚಕ್ ಅಂತು, ತಳಕ್ಕ ನೀರು ಬಿಡ್ತು.
ಮರುದಿನ ಸಾಸಿವಿ, ಉದ್ದಿನಬ್ಯಾಳಿ, ಹಸಿಮೆಣಸಿನಕಾಯಿ,
ಉರಿ ದೊಡ್ಡದು, ಕಡೀಕ ಲಿಂಬಿ.
ಬಾಯಿ ತಾಟು ಮತ್ತ ಚಾಚಿದ್ರು.

ಅದರ ಬಳಗ ದೊಡ್ಡದು.
ಬಾಯಿ ತಂಗಿ ಮಗಳು ಲಿಸ್ಬನ್ನಿಂದ ಕಳಿಸಿದ ಬೀಜ,
ದೀಪಾವಳಿ ಮುಗಿಸಿ ಊರಿದ್ವಿ.
ಬಟರ್‌ನಟ್ ಅಂದ್ರ ಮಿರಜದ ತಂಬೂರಿ,
ಒಳಗ ಅರಿಶಿಣ; ಗಾರಿಗಿಗೆ ಅದೇ ಬೇಕು,
ಬೆಲ್ಲ ಅರ್ಧ ಸಾಕಾಗ್ತದ.
ಕಬೋಚಾ ಹಸಿರು ಗುಂಡಕಲ್ಲು,
ಬೆಂದ್ರ ನಮ್ಮ ಗೆಣಸು.
ಇನ್ನೊಂದು ಏಣು ಏಣಾದದ್ದು, ಅದರ ಹೆಸರು
ನನ್ನ ನಾಲಿಗಿಗೆ ಹೊರಳಲಿಲ್ಲ.
ಸುಂಗಟಿ ಸಾರಿಗೆ ಹಾಕಿ ಕೆಡಿಸಿದ್ರು ಬಾಯಿ.
ಕೆಡಿಸಿದ್ದು ಇಬ್ಬರೂ ಉಂಡ್ವಿ.

ಕಾರ್ನಿವಾಲಿನ ಮಂಗಳವಾರ ಇನಾಸ್ ಬರಲಿಲ್ಲ.
ಉಳಿದಿದ್ದು ಒಂದ ಕಾಯಿ, ಹಳದಿದು,
ತೊಟ್ಟಿನ ಕಡೆ ಮೆತ್ತಗಾಗಿತ್ತು.
ಕೊಬ್ಬರಿ ಒಡಿಯೋ ಮಚ್ಚು ತಗೊಂಡೆ.
ಅವ್ವನ್ನ ನೆನಸಿ ಕಣ್ಣು ಮುಚ್ಚಿದೆ,
ಕಾಯಿ ಹೊರಳ್ತು,
ಏಟು ಅಡ್ಡ ಬಿತ್ತು.

ಏನೂ ಆಗಲಿಲ್ಲ.
ಬೆಕ್ಕು ಒಂದು ಸರ್ತಿ ಕಣ್ಣು ತೆಗೀತು, ಅಷ್ಟ.

ಬಿದ್ದಂಗ ಬೀಳಲಿ ಅಂತ ಬಳಿ ಬಳಿ ಕೊಯ್ದೆ,
ಕೈಗೆ ಏರಿಸ್ಕೋಬಹುದು, ಹಂತಾ ಬಳಿ.
ಬೆಂದ ಮ್ಯಾಲ ಎಳೆದ್ರ ಎಳಿ ಮುಗಿಯಂಗಿಲ್ಲ!
ಸುತ್ತಿಕೊಂಡು ಕುಂತಿತ್ತು ಒಳಗ ಗಿರಕಿ ಹೊಡೀತ,
ಇಷ್ಟು ದಿನ ಉದ್ದಕ್ಕ ಸೀಳಿ
ಎಲ್ಲಾ ಎಳೀನೂ ನಡಬರಕ ಕಡಕೋತ ಬಂದಿದ್ವಿ.
ಅಡ್ಡ ಕೊಯ್ದರ ಉದ್ದ.
ಎಂಬತ್ತರ ಬಾಯಿ ಎದ್ದು ನಿಂತು
ಒಂದು ಎಳಿ ದೀಪಕ್ಕ ಹಿಡದ್ರು.
ಗೇಣು ದಾಟಿ ಮೊಳದ ಹತ್ರ ಬಂದಿತ್ತು.

ಸಂಜೀಕ ಕೇಳಿದ್ರು: "ಬೀಜ ಎಲ್ಲಿ?"
ತೊಳದು, ಬೂದಿ ಹಚ್ಚಿ, ಡಬ್ಬ್ಯಾಗ ಇಟ್ಟೀನ್ರಿ ಅಂದೆ.
ಸುಳ್ಳಲ್ಲ. ಪೂರಾನೂ ಅಲ್ಲ.
ಕುಂಬಳಕಾಯಿ ಕಳ್ಳ ಅಂದ್ರ
ಹೆಗಲು ಮುಟ್ಟಿ ನೋಡ್ಕೊಂಡನಂತ.
ನನ್ನ ಕೈ ಹೆಗಲಿಗೆ ಹೋಗಲಿಲ್ಲ,
ಸೆರಗಿನ ಗಂಟಿಗೆ ಹೋತು.

ಬಾಯಿಗೆ ನಮ್ಮ ಗಾದಿ ಗೊತ್ತಿಲ್ಲ.
ಗಂಟು ನೋಡಿದ್ರು.
ಆಮ್ಯಾಲ ತಾಟಿನ್ಯಾಗಿನ ಎಳಿ ಸುತ್ತಕೋತ
"ಮಾಪ್ಸಾದ ನಿನ್ನ ಖೋಲಿ ಮುಂದ
ಬಿಸಿಲು ಬೀಳ್ತದೇನ?" ಅಂದ್ರು.

ಬೀಳ್ತದ್ರಿ, ಅಂದೆ.
ಹನ್ನೊಂದರ ತನಕ.